ಫ್ರೆಂಚ್ ಪ್ರೆಸ್‌ಗೆ ಫಿಲ್ಟರ್ ಪುಡಿ ಕೊಡಬೇಡಿ

ದಿಲ್ಲಿಯ ವಸಂತ್ ಕುಂಜ್‌ನಲ್ಲಿ ಹೋಟೆಲ್ ನಡೆಸುವ ನಮಗೆ ಈಚೆಗೆ ಹೊಸ ಬಗೆಯ ದೂರು ಬರುತ್ತಿದೆ. ಇಡ್ಲಿ, ಸಾಂಬಾರಿನದ್ದಲ್ಲ, ಕೌಂಟರಿನಲ್ಲಿ ಮಾರುವ ಕಾಫಿ ಪುಡಿಯದ್ದು. "ಅಂಕಲ್‌ಜೀ, ನಿಮ್ಮಲ್ಲಿ ಕುಡಿದರೆ ಅಮೃತ, ಅದೇ ಪುಡಿ ಮನೆಯಲ್ಲಿ ಹಾಕಿದರೆ ಕೆಸರು" ಎನ್ನುತ್ತಾರೆ. ಯಾವುದರಲ್ಲಿ ಮಾಡಿದಿರಿ ಎಂದರೆ ಬಹುಪಾಲು ಉತ್ತರ ಒಂದೇ: ಫ್ರೆಂಚ್ ಪ್ರೆಸ್.

ನೋಡದವರಿಗೆ ಹೇಳುತ್ತೇವೆ. ಇದೊಂದು ಗಾಜಿನ ಜಗ್ಗು, ಮುಚ್ಚಳದಲ್ಲಿ ಕಡ್ಡಿ, ಕಡ್ಡಿಯ ತುದಿಗೆ ಜಾಲರಿ. ಹೆಸರು ಫ್ರೆಂಚ್ ಆದರೂ 1929ರಲ್ಲಿ ಇಂಥದ್ದಕ್ಕೆ ಪೇಟೆಂಟ್ ಪಡೆದವರು ಇಟಲಿಯ ಕಲಿಮಾನಿ ಮತ್ತು ಮೊನೆಟಾ.

ತಪ್ಪು ಪುಡಿಯದ್ದೂ ಅಲ್ಲ, ಗಿರಾಕಿಯದ್ದೂ ಅಲ್ಲ. ನಮ್ಮ ಫಿಲ್ಟರಿನಲ್ಲಿ ಅದುಮಿದ ಪುಡಿಯೇ ಅರ್ಧ ಜರಡಿಯ ಕೆಲಸ ಮಾಡುತ್ತದೆ, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಪ್ರೆಸ್ಸಿನಲ್ಲಿ ಪುಡಿ ನೀರಿನಲ್ಲಿ ಈಜುತ್ತಿರುತ್ತದೆ. ನುಣುಪು ಪುಡಿ ಜಾಲರಿ ದಾಟಿ ಲೋಟಕ್ಕೇ ಬರುತ್ತದೆ. ಜೊತೆಗೆ ಚಿಕೋರಿ ಬೇರೆ. ಅದು ಬೇಗ ಕರಗಿ ಬಣ್ಣ, ಕಹಿ ಬಿಟ್ಟು ಕಾಫಿಯ ಘಮವನ್ನೇ ಮುಚ್ಚುತ್ತದೆ.

ಪ್ರೆಸ್ಸಿಗೆ ಬೇಕಾದ್ದು ಚಿಕೋರಿ ಇಲ್ಲದ, ಇಡ್ಲಿ ರವೆಯಷ್ಟು ತರಿಯಾದ, ಹೊಸದಾಗಿ ಹುರಿದ ಪುಡಿ. 300 ಮಿ.ಲೀ. ನೀರಿಗೆ 20 ಗ್ರಾಂ. ನೀರು ಕುದಿದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು ಸುರಿಯಬೇಕು, ಒಮ್ಮೆ ಕದಡಬೇಕು, 4 ನಿಮಿಷ ಮುಚ್ಚಿಡಬೇಕು. ಆಮೇಲೆ ನಿಧಾನವಾಗಿ ಒತ್ತಿ, ಎಲ್ಲವನ್ನೂ ಆಗಲೇ ಬಗ್ಗಿಸಿಕೊಳ್ಳಬೇಕು. ಜಗ್ಗಿನಲ್ಲೇ ಬಿಟ್ಟರೆ ಕಹಿ ಏರುತ್ತಲೇ ಇರುತ್ತದೆ. ಕಡ್ಡಿ ಇಳಿಯದಿದ್ದರೆ ಪುಡಿ ನುಣುಪಾಯಿತೆಂದು ಅರ್ಥ. ಜೋರು ಮಾಡಿದರೆ ಬಿಸಿನೀರು ಕೈಮೇಲೆ ಚಿಮ್ಮೀತು, ಇದನ್ನು ಗಿರಾಕಿಗೆ ಮರೆಯದೆ ಹೇಳಿ.

ನೀರಿನದ್ದೂ ಒಂದು ತಕರಾರು. ಇಲ್ಲಿ ಬೋರಿನ ನೀರು ಗಡಸು, ಹಾಗೆಂದು ಮನೆಮನೆಗೂ ಆರ್.ಓ. ಮೆಷಿನ್. ಅದು ಲವಣವನ್ನೆಲ್ಲ ತೆಗೆದರೆ ಕಾಫಿ ಸಪ್ಪೆ. ಟಿಡಿಎಸ್ 150ರ ಆಸುಪಾಸು ಇದ್ದರೆ ರುಚಿ ಬರುತ್ತದೆ.

ಹಾಲಿನ ವಿಷಯದಲ್ಲಿ ನಾವು ಖಡಾಖಂಡಿತ. ಪ್ರೆಸ್ಸಿನ ಕಾಫಿ ಡಿಕಾಕ್ಷನ್ ಅಲ್ಲ. ಅದಕ್ಕೆ ನಮ್ಮ ಅಳತೆಯಲ್ಲಿ ಹಾಲು ಬೆರೆಸಿದರೆ ಕಲಗಚ್ಚು. ಹಾಲು ಬೇಕೇಬೇಕೆಂದರೆ ಪುಡಿ ದುಪ್ಪಟ್ಟು ಹಾಕಲಿ, ಇಲ್ಲವೇ ಒಂದು ಹಿತ್ತಾಳೆ ಫಿಲ್ಟರ್ ಕೊಳ್ಳಲಿ.

ಇಷ್ಟೆಲ್ಲ ಹೋಟೆಲಿನವರಿಗೆ ಏಕೆ ಎನ್ನಬಹುದು. ದೇಶದ ಕಾಫಿಯಲ್ಲಿ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಆದರೆ ದಿಲ್ಲಿಯಲ್ಲೇ ಶುರುವಾದ ಬ್ಲೂ ಟೋಕಾಯ್‌ನಂಥ ಹೊಸ ಕಂಪನಿಗಳು ಅದೇ ಬೀಜವನ್ನು ಪ್ರೆಸ್ಸಿಗೆ ಬೇರೆ, ಫಿಲ್ಟರಿಗೆ ಬೇರೆ ಎಂದು ಬೀಸಿ ಮಾರುತ್ತಿವೆ. ಒಮ್ಮೆ ಕೆಸರು ಕುಡಿದ ಗಿರಾಕಿ ಪುಡಿಗೆಂದು ನಮ್ಮ ಮೆಟ್ಟಿಲು ಮತ್ತೆ ಹತ್ತುವುದಿಲ್ಲ.

ಆದ್ದರಿಂದ ತೂಗುವ ಮೊದಲೇ "ಯಾವುದರಲ್ಲಿ ಮಾಡುತ್ತೀರಿ?" ಎಂದು ಕೇಳಲು ಹುಡುಗರಿಗೆ ಕಲಿಸಿದ್ದೇವೆ. ಪ್ರೆಸ್ ಪುಡಿಗೆ ಡಬ್ಬಿ ಬೇರೆ, ಚಮಚ ಬೇರೆ. 100 ಗ್ರಾಂ, 200 ಗ್ರಾಂ ಪೊಟ್ಟಣಗಳಷ್ಟೇ, ಮೇಲೆ ಹುರಿದ ತಾರೀಖು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಪಾಲು ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕೆಂದು ಕಾನೂನೇ ಇದೆ. ಆ ಚೀಟಿ ತೋರಿಸಿದರೆ ಚಿಕೋರಿ ಇಲ್ಲದ್ದಕ್ಕೆ ದರ ಏಕೆ ಹೆಚ್ಚೆಂದು ಯಾರೂ ಚೌಕಾಸಿಗೆ ನಿಲ್ಲುವುದಿಲ್ಲ.

ಭಾನುವಾರ ಬೆಳಿಗ್ಗೆ ಕೌಂಟರಿನಲ್ಲಿ ಒಂದು ಪ್ರೆಸ್ ಇಟ್ಟು ಮಾಡಿ ತೋರಿಸುತ್ತೇವೆ. ಹಳೆಯ ಗಿರಾಕಿಗಳು ಅದನ್ನು ಪುಕ್ಕಟೆ ಕುಡಿದು, ಆಮೇಲೆ ದುಡ್ಡು ಕೊಟ್ಟು ಫಿಲ್ಟರ್ ಕಾಫಿ ಕೇಳುತ್ತಾರೆ.