ಮಳೆ ಹೊಳವಾದಾಗ ಮಂಡಗದ್ದೆ

ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯಲ್ಲಿ ತುಂಗಾ ನದಿಯ ನಡುವಿನ ಪುಟ್ಟ ನಡುಗಡ್ಡೆಯೇ ಪಕ್ಷಿಧಾಮ. ವಿಸ್ತಾರ ಒಂದೂಕಾಲು ಎಕರೆಯೂ ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಸಾಗಿದರೆ ಹೊಳೆದಂಡೆಯ ವೀಕ್ಷಣಾ ಗೋಪುರದಿಂದಲೇ ಎಲ್ಲವೂ ಕಾಣುತ್ತದೆ.

ಪ್ರವಾಸಿಗರು ಬರುವುದು ಬೇಸಿಗೆ ರಜೆಯಲ್ಲಿ, ಹಕ್ಕಿಗಳು ಬರುವುದು ಮಳೆಗಾಲದಲ್ಲಿ. ಜೂನ್ ಕಳೆದು ಹೊಳೆ ಏರಿದಂತೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮರಗಳ ಮೇಲೆ ಗೂಡು ಕಟ್ಟುತ್ತವೆ. ಸುತ್ತಲಿನ ಕೆಂಪು ನೀರನ್ನು ದಾಟಿ ನಾಯಿ, ಕಾಡುಬೆಕ್ಕು ಹೋಗಲಾರವು. ನಾಟಿಯಾದ ಗದ್ದೆಗಳಲ್ಲಿ ಕಪ್ಪೆ, ಏಡಿ, ಮೀನಿಗೆ ಬರವಿಲ್ಲ. ಮರಿ ಸಾಕಲು ಇನ್ನೇನು ಬೇಕು?

ಗೂಡು ಕಟ್ಟುವ ದಿನಗಳಲ್ಲಿ ಮಧ್ಯಮ ಬೆಳ್ಳಕ್ಕಿಯ ಹಳದಿ ಕೊಕ್ಕು ಕಪ್ಪಾಗುತ್ತದೆ, ಬೆನ್ನಿನಿಂದ ನೂಲಿನಂಥ ಗರಿಗಳು ಇಳಿಬೀಳುತ್ತವೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯುರೋಪಿನ ಹೆಂಗಸರ ಟೊಪ್ಪಿಗೆಗಳಿಗಾಗಿ ಬೆಳ್ಳಕ್ಕಿ ಜಾತಿಗಳನ್ನು ಲೆಕ್ಕವಿಲ್ಲದಷ್ಟು ಕೊಂದದ್ದು ಇಂಥ ಗರಿಗಳಿಗಾಗಿಯೇ. ಹಾವಕ್ಕಿಯದು ಬೇರೆಯೇ ಕಸುಬು. ಅದರ ಕತ್ತಿನ ಮೂಳೆಗಳ ನಡುವೆ ಬಿಜಾಗರಿಯಂಥ ಮಡಿಕೆಯಿದೆ; ಕತ್ತು ಸಟ್ಟನೆ ಚಿಮ್ಮಿ ಕೊಕ್ಕು ಮೀನನ್ನು ತಿವಿಯುತ್ತದೆ. ಗರಿಗಳು ನೀರಿನಲ್ಲಿ ನೆನೆಯುವುದರಿಂದ ಮೇಲೆ ಬಂದು ರೆಕ್ಕೆ ಹರವಿ ಒಣಗಿಸಿಕೊಳ್ಳಬೇಕು. ಛಾಯಾಗ್ರಾಹಕರು ಕಾಯುವುದೂ ಆ ಭಂಗಿಗೇ.

ಚಿತ್ರ ತೆಗೆಯುವುದು ಮಾತ್ರ ಸುಲಭವಲ್ಲ. ಕಡುಹಸಿರು ಎಲೆಗಳ ಮುಂದೆ ಕುಳಿತ ಅಚ್ಚಬಿಳಿ ಹಕ್ಕಿ ಕ್ಯಾಮೆರಾದ ಅಳತೆಯನ್ನು ದಾರಿ ತಪ್ಪಿಸುತ್ತದೆ. ಎಕ್ಸ್‌ಪೋಷರ್ ಒಂದಿಷ್ಟು ಇಳಿಸದಿದ್ದರೆ ಗರಿಯ ಎಳೆಗಳೆಲ್ಲ ಸುಣ್ಣ ಬಳಿದಂತಾಗುತ್ತವೆ. ಜಡಿಮಳೆಯ ನಡುವೆ ಹೊಳವಾಗುವ ಹತ್ತಿಪ್ಪತ್ತು ನಿಮಿಷದಲ್ಲೇ ಕೆಲಸ ಮುಗಿಯಬೇಕು. ದೋಣಿಯಲ್ಲಿ ಹತ್ತಿರ ಹೋಗುವ ಆಸೆ ಬೇಡ. ತಾಯಿಹಕ್ಕಿ ಹೆದರಿ ಎದ್ದರೆ ಮೊಟ್ಟೆಗೆ ಕಾಗೆ ಎರಗಲು ಕ್ಷಣ ಸಾಕು.

ಸಾಗರದ ಕಡೆಯಿಂದ ಬರುವವರಿಗೆ ನೆರೆಯ ಸೊರಬ ತಾಲ್ಲೂಕಿನ ಗುಡವಿ ಹತ್ತಿರ. 1989ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಈ ಕೆರೆ ಬಿಳಿ ಕೆಂಬರಲುಗಳಿಗೆ ಹೆಸರಾದದ್ದು. ಹೊಸನಗರ, ಸಾಗರ ಎರಡೂ ತಾಲ್ಲೂಕುಗಳನ್ನು ಆವರಿಸಿದ, 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನ ಲೆಕ್ಕ ತಿರುಗುಮುರುಗು. ಅಲ್ಲಿ ಬೇಸಿಗೆಯಲ್ಲಿ ನೀರು ಇಳಿದು ಕೆಸರುದಂಡೆ ತೆರೆದುಕೊಂಡಾಗಲೇ ನೀರುಹಕ್ಕಿಗಳಿಗೆ ಮೇವು.