ಹ್ಯಾಂಡ್‌ಗಾರ್ಡ್ ಕೊಳ್ಳುವ ಮುನ್ನ ನೋಟು ತೂರಿಸಿ ನೋಡಿ

ಕಳೆದ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ ವಾಶಿಯಿಂದ ಕೊಡಗಿಗೆ ಹೋಗಿದ್ದೆ. ದೇವರ ಕೋಣೆಯಲ್ಲಿ ತೋಕ್‌ಪೂ ಮುಡಿಸಿ ಪೂಜೆ ಮಾಡಿದ ಅಪ್ಪನ ಕಾಲದ .22 ರೈಫಲ್ ಹಿಡಿದು ತೆಂಗಿನಕಾಯಿ ಸ್ಪರ್ಧೆಗೆ ನಿಂತೆ. ಮೂರು ಗುಂಡು ಹಾರಿಸಿದೆ, ಮೂರೂ ಕಾಯಿಯ ಬಲಕ್ಕೆ ಹೋದವು. "ಮುಂಬಯಿಗೆ ಹೋದ ಮೇಲೆ ನಿನ್ನ ಕೈ ಕೀಬೋರ್ಡಿಗೆ ಮಾತ್ರ" ಎಂದು ನೆಂಟರು ನಕ್ಕರು. ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ಕಪ್ಪು ಅಲ್ಯುಮಿನಿಯಂ ಹ್ಯಾಂಡ್‌ಗಾರ್ಡ್ ತೋರಿಸಿ, "ಈ ಹಳೆಯ ಮರ ತೆಗೆದು ಇದನ್ನು ಹಾಕು" ಎಂದ.

ಹ್ಯಾಂಡ್‌ಗಾರ್ಡ್ ಎಂದರೆ ನಳಿಗೆಯ ಸುತ್ತ ಅಥವಾ ಕೆಳಗೆ ಎಡಗೈ ಹಿಡಿಯುವ ಭಾಗ. ಬಿಸಿಯಾದ ನಳಿಗೆಯಿಂದ ಅದು ಕೈಯನ್ನು ಕಾಯುತ್ತದೆ. ವಾಶಿಗೆ ಮರಳಿದ ಮೇಲೆ ಒಂದು ವಾರ ರಾತ್ರಿ ಕುಳಿತು ಇದನ್ನೇ ಓದಿದೆ. ಮೊದಲು ತಿಳಿದದ್ದು, ನಮ್ಮಂಥ ಹಳೆಯ ರೈಫಲ್‌ಗಳಲ್ಲಿ ಹಿಂದಿನ ದಸ್ತಿನಿಂದ ಮುಂದಿನ ಹಿಡಿಯವರೆಗೆ ಒಂದೇ ಮರ. ಮುಂಭಾಗವನ್ನಷ್ಟೇ ಬದಲಿಸಲು ಬರುವುದಿಲ್ಲ, ಇಡೀ ಚೌಕಟ್ಟನ್ನೇ ಬದಲಿಸಬೇಕು.

ಎರಡನೆಯದು, ಕೆಲಸ ಯಾವುದು ಎಂಬುದು. ಬೇಟೆಯ ರೈಫಲನ್ನು ದಿನವಿಡೀ ಹೊತ್ತು ತಿರುಗಬೇಕಾದ್ದರಿಂದ ಅದರ ಹಿಡಿ ಸಪುರ, ಹಗುರ. ಗುರಿ ಸ್ಪರ್ಧೆಯದು ಅಗಲ, ತೂಕ ಹೆಚ್ಚು. ಮರಳಿನ ಚೀಲದ ಮೇಲಿಟ್ಟರೆ ಅಲುಗದಂತೆ ಅಡಿ ಚಪ್ಪಟೆ. ಅಲ್ಯುಮಿನಿಯಂ ಗಟ್ಟಿ, ಆದರೆ ಬಿಸಿಲಿಗೆ ಬೇಗ ಕಾಯುತ್ತದೆ. ಕಾರ್ಬನ್ ಫೈಬರ್ ಹಗುರ, ಬೆಲೆ ಜಾಸ್ತಿ. ಮರ ಕೈಗೆ ಹಿತ, ಆದರೆ ತೇವಕ್ಕೆ ಉಬ್ಬುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ನಮ್ಮ ಕೋವಿಗೆ ಬೇಟೆಯ ಕೆಲಸವಿಲ್ಲ. ಅದಕ್ಕೆ ಉಳಿದಿರುವುದು ಹಬ್ಬ, ಪುತ್ತರಿಯ ಗುಂಡು, ತೆಂಗಿನಕಾಯಿ.

ಮೂರನೆಯದನ್ನು ಮಗಳು ಕಲಿಸಿದಳು. ಅವಳು ಇಲ್ಲೇ ನವಿಮುಂಬಯಿಯಲ್ಲಿ ಏರ್ ರೈಫಲ್ ಕಲಿಯುತ್ತಾಳೆ. ಪಕ್ಕದ ಪನ್ವೇಲ್‌ನಲ್ಲಿ ಶೂಟಿಂಗ್ ತರಬೇತಿ ನೀಡುತ್ತಾ ಬಂದಿರುವ ಸುಮಾ ಶಿರೂರ್ ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು. 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಅಂಕ ಗಳಿಸಿದವರು. 10 ಮೀಟರ್ ದೂರದಲ್ಲಿ ಹತ್ತರ ಚುಕ್ಕೆ ಬರೇ ಅರ್ಧ ಮಿಲಿಮೀಟರ್! ಅಂಥ ಗುರಿಗೆ ಎಡಗೈ ರೈಫಲನ್ನು ಬಿಗಿಹಿಡಿಯುವುದಿಲ್ಲ. ಮೊಣಕೈ ಸೊಂಟದ ಎಲುಬಿಗೆ ಆನಿಕೊಂಡಿರುತ್ತದೆ, ರೈಫಲ್ ಕೈಯ ಮೇಲೆ ಸುಮ್ಮನೆ ಕೂತಿರುತ್ತದೆ. ಹಿಡಿಯ ಎತ್ತರವನ್ನು ಅವರವರ ತೋಳಿನ ಉದ್ದಕ್ಕೆ ಹೊಂದಿಸುತ್ತಾರೆ. ನಾನು ಹಿಡಿಯುವುದನ್ನು ನೋಡಿ ಮಗಳು, "ಅಪ್ಪಾ, ಅದರ ಕತ್ತು ಹಿಸುಕಬೇಡ" ಎಂದಳು.

ಹಿಸುಕಿದರೆ ಏನಾಗುತ್ತದೆ? ಗುಂಡು ಹೊರಡುವಾಗ ನಳಿಗೆ ಕಂಪಿಸುತ್ತದೆ. ಪ್ರತಿ ಸಲವೂ ಒಂದೇ ರೀತಿ ಕಂಪಿಸಿದರೆ ಗುಂಡೂ ಒಂದೇ ಕಡೆ ಬೀಳುತ್ತದೆ. ಹಿಡಿ ನಳಿಗೆಯನ್ನು ಒಂದು ಪಕ್ಕದಿಂದ ಒತ್ತಿದರೆ ಗುರಿ ಸರಿಯುತ್ತದೆ. ಆದ್ದರಿಂದಲೇ ಗುರಿ ರೈಫಲ್‌ಗಳಲ್ಲಿ ನಳಿಗೆಯನ್ನು ಹಿಡಿಗೆ ತಾಗದಂತೆ ಬಿಡುತ್ತಾರೆ. ಪರೀಕ್ಷೆ ಸುಲಭ: ರೈಫಲ್ ಖಾಲಿ ಎಂದು ಎರಡು ಸಲ ಖಚಿತಪಡಿಸಿಕೊಂಡು, ನಳಿಗೆಗೂ ಹಿಡಿಗೂ ನಡುವೆ ಒಂದು ನೋಟು ತೂರಿಸಿ ಹಿಂದಕ್ಕೆ ಎಳೆಯಿರಿ. ಅದು ಸಲೀಸಾಗಿ ಸಾಗಬೇಕು.

ದೀಪಾವಳಿಗೆ ಊರಿಗೆ ಹೋದಾಗ ಹತ್ತು ರೂಪಾಯಿ ನೋಟು ತೂರಿಸಿ ನೋಡಿದೆ. ಎಡಬದಿಯಲ್ಲಿ ಸಿಕ್ಕಿಕೊಂಡಿತು. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನ ಮಳೆಯಲ್ಲಿ ಮೂಲೆಯಲ್ಲಿದ್ದ ಮರ ಉಬ್ಬಿ ನಳಿಗೆಯನ್ನು ಬಲಕ್ಕೆ ಒತ್ತಿತ್ತು. ತಪ್ಪು ಕೀಬೋರ್ಡಿನದ್ದಲ್ಲ! ಪರವಾನಗಿ ಇರುವ ಕೋವಿ ದುರಸ್ತಿಗಾರರು ಒಳಬದಿಯನ್ನು ತುಸು ಕೆತ್ತಿ, ತೇವ ಹೀರದಂತೆ ಎಣ್ಣೆ ಹಚ್ಚಿಕೊಟ್ಟರು. ಈಗ ನೋಟು ಸಲೀಸಾಗಿ ಸಾಗುತ್ತದೆ.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಅಪ್ಪ ತೀರಿಕೊಂಡಾಗ ಆ ಎರಡನ್ನು ಹಾರಿಸಿದ್ದು ಈ ಕೋವಿಯಿಂದಲ್ಲ, ಆದರೆ ಅವರ ಬೆರಳು ಸವೆಸಿದ ಜಾಗ ಈ ಮರದಲ್ಲಿದೆ. ಪರವಾನಗಿಯಿಂದ ನಮಗಿರುವ ವಿನಾಯಿತಿ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದಿದೆ. ಅಷ್ಟರಲ್ಲಿ ಮಗಳು ದೊಡ್ಡವಳಾಗುತ್ತಾಳೆ. ನೀವು ಹೊಸ ರೈಫಲಿಗೆ ಹ್ಯಾಂಡ್‌ಗಾರ್ಡ್ ಆರಿಸುವುದಾದರೆ ಬಣ್ಣ, ಬ್ರ್ಯಾಂಡ್ ಆಮೇಲೆ. ಕೈಗೆ ಒಪ್ಪುತ್ತದೆಯೇ, ನಳಿಗೆಗೆ ತಾಗುತ್ತದೆಯೇ, ಮೊದಲು ನೋಡಿ. ಈ ಸೆಪ್ಟೆಂಬರ್‌ಗೆ ನಾವಿಬ್ಬರೂ ಹೋಗುತ್ತೇವೆ; ಮೊದಲ ಗುಂಡು ಅವಳದು.