ಕೋಡ್ ಮುಟ್ಟಿಲ್ಲ, ಆದ್ರೂ ಅಪ್‌ಲೋಡ್ ಯಾಕೆ ಆಗ್ತಿಲ್ಲ?

ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ ಹುಡುಕಾಟದ ಸೌಲಭ್ಯ ಬೇಕು ಅಂದಾಗ ನಮ್ಮಲ್ಲಿ ಹಲವರು ಕೈ ಹಾಕೋದು ಇಲಾಸ್ಟಿಕ್‌ಸರ್ಚ್‌ಗೆ. 2010ರಲ್ಲಿ ಮೊದಲು ಬಿಡುಗಡೆಯಾದ ಈ ಸರ್ವರ್ ಲೂಸೀನ್ ಎಂಬ ಲೈಬ್ರರಿಯ ಮೇಲೆ ಕಟ್ಟಿದ್ದು. ಸಾಮಾನ್ಯವಾಗಿ ನಮ್ಮ ಪೈಥಾನ್ ಪ್ರೋಗ್ರಾಂ ಮತ್ತು ಸರ್ವರ್ ನಡುವೆ ಒಂದು ಕ್ಲೈಂಟ್ ಲೈಬ್ರರಿ ಇರುತ್ತೆ. ನಮ್ಮ ದಾಖಲೆಗಳನ್ನು ಜೇಸನ್ ರೂಪಕ್ಕೆ ತಂದು ಎಚ್‌ಟಿಟಿಪಿ ಮೂಲಕ ಸರ್ವರ್‌ಗೆ ತಲುಪಿಸೋದು ಅದರ ಕೆಲಸ.

ತೊಂದರೆ ಹುಟ್ಟೋದು ಇಲ್ಲೇ. ಡಾಕರ್ ಫೈಲ್‌ನಲ್ಲಿ ಸರ್ವರ್‌ನ ಆವೃತ್ತಿ ಸಂಖ್ಯೆ ಬರೆದಿರುತ್ತೆ, ಅದು 8 ಅಂದ್ರೆ 8ರಲ್ಲೇ ಇರುತ್ತೆ. ಆದರೆ ಕ್ಲೈಂಟ್‌ಗೆ ಸಂಖ್ಯೆ ಹೇಳದಿದ್ದರೆ ಪಿಪ್ ಇರೋದರಲ್ಲಿ ಹೊಸದನ್ನೇ ತಂದು ಹಾಕುತ್ತೆ. 2025ರಲ್ಲಿ ಕ್ಲೈಂಟ್‌ನ 9ನೇ ಆವೃತ್ತಿ ಬಂತು. ಅಂದಮೇಲೆ ಹಳೇ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತಿರುವ ಪ್ರಾಜೆಕ್ಟನ್ನೇ ಡೆಮೋಗಾಗಿ ಇನ್ನೊಂದು ಲ್ಯಾಪ್‌ಟಾಪ್‌ಗೆ ಹಾಕಿದರೆ ಸರ್ವರ್ 8, ಕ್ಲೈಂಟ್ 9 ಆಗಿಬಿಡಬಹುದು. ಆಗ ಒಂದು ದಾಖಲೆಯೂ ಒಳಗೆ ಹೋಗಲ್ಲ.

ಯಾಕೆ ಹೀಗೆ?

ಕ್ಲೈಂಟ್ ಕಳಿಸುವ ಪ್ರತಿ ವಿನಂತಿಯನ್ನೂ ಒಂದು ಲಕೋಟೆ ಅಂದ್ಕೊಳ್ಳೋಣ. ಒಳಗೆ ನಮ್ಮ ದಾಖಲೆ, ಹೊರಗೆ ಹೆಡರ್‌ಗಳು. 8ನೇ ಆವೃತ್ತಿಯ ಕ್ಲೈಂಟ್ ಈ ಹೆಡರ್‌ನಲ್ಲಿ ‘8ಕ್ಕೆ ಹೊಂದುವಂತೆ ಮಾತಾಡೋಣ’ ಅಂತ ಬರೆಯುತ್ತೆ. 9ನೇ ಕ್ಲೈಂಟ್ ಅದೇ ಜಾಗದಲ್ಲಿ 9 ಅಂತ ಬರೆಯುತ್ತೆ. 8ನೇ ಸರ್ವರ್‌ಗೆ ಗೊತ್ತಿರೋದು 8 ಮತ್ತು 7 ಮಾತ್ರ. 9 ಕಂಡ ಕೂಡಲೇ ‘ಮೀಡಿಯಾ ಟೈಪ್ ಹೆಡರ್ ಎಕ್ಸೆಪ್ಷನ್’ ಅಂತ 400 ಸಂಖ್ಯೆಯ ದೋಷ ಕೊಟ್ಟು ವಾಪಸ್ ಕಳಿಸುತ್ತೆ. ಲಕೋಟೆ ಒಡೆದೂ ನೋಡಲ್ಲ. ಹಾಗಾಗಿ ದಾಖಲೆಯಲ್ಲೋ, ಮ್ಯಾಪಿಂಗ್‌ನಲ್ಲೋ, ಕನ್ನಡದ ಯುನಿಕೋಡ್‌ನಲ್ಲೋ ತಪ್ಪು ಹುಡುಕುತ್ತಾ ಕೂತರೆ ಬೆಳಗಾದರೂ ಸಿಗಲ್ಲ.

ದಾರಿ ತಪ್ಪಿಸುವ ಇನ್ನೊಂದು ಸಂಗತಿ ಇದೆ. ಸರ್ವರ್ ಎದ್ದಿದೆಯಾ ಅಂತ ನೋಡಲು ಕ್ಲೈಂಟ್‌ನ ‘ಪಿಂಗ್’ ಕರೆದರೆ ಬರೋದು ಬರೀ ‘ಫಾಲ್ಸ್’. ದೋಷ ಯಾವುದೇ ಇರಲಿ, ಪಿಂಗ್ ಅದನ್ನು ನುಂಗಿ ಅಷ್ಟೇ ಹೇಳುತ್ತೆ. ಸರ್ವರ್ ಬಿದ್ದಿದೆ ಅಂತ ಅದನ್ನೇ ಮತ್ತೆ ಮತ್ತೆ ಸ್ಟಾರ್ಟ್ ಮಾಡೋದರಿಂದ ಏನೂ ಪ್ರಯೋಜನವಿಲ್ಲ. ಬ್ರೌಸರ್‌ನಲ್ಲಿ 9200 ಪೋರ್ಟ್ ತೆರೆದರೆ ಅದೇ ಸರ್ವರ್ ಸಲೀಸಾಗಿ ಉತ್ತರ ಕೊಡುತ್ತೆ, ಯಾಕಂದ್ರೆ ಬ್ರೌಸರ್ ಆ ಹೆಡರ್ ಕಳಿಸೋದೇ ಇಲ್ಲ. ಪಿಂಗ್ ಬದಲು ‘ಇನ್ಫೋ’ ಕರೆದರೆ ನಿಜವಾದ ದೋಷ ಕಣ್ಣಿಗೆ ಬೀಳುತ್ತೆ.

ಏನು ಮಾಡಬೇಕು?

ಮೊದಲು ಎರಡೂ ಕಡೆಯ ಸಂಖ್ಯೆ ನೋಡೋಣ. ಸರ್ವರ್‌ನದ್ದು ಆ ಬ್ರೌಸರ್ ಉತ್ತರದಲ್ಲೇ ಇರುತ್ತೆ, ಕ್ಲೈಂಟ್‌ನದ್ದನ್ನು ‘ಪಿಪ್ ಶೋ’ ಹೇಳುತ್ತೆ. ಸರ್ವರ್ 8 ಆಗಿದ್ದರೆ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿ ಲೈಬ್ರರಿ ಹೆಸರಿನ ಮುಂದೆ >=8,<9 ಅಂತ ಸೇರಿಸಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಸಾಕು.

‘ಅದರ ಬದಲು ಸರ್ವರನ್ನೇ 9ಕ್ಕೆ ಏರಿಸಿದರೆ?’ ಅನ್ನಿಸಬಹುದು. ಡೆಮೋ ಹಿಂದಿನ ರಾತ್ರಿ ಅದು ಬೇಡ. ಒಮ್ಮೆ ಮೇಲಿನ ಆವೃತ್ತಿಗೆ ಹೋದ ಡೇಟಾವನ್ನು ಹಳೇ ಸರ್ವರ್ ಮತ್ತೆ ತೆರೆಯಲ್ಲ. ಮೊದಲೇ ಸ್ನ್ಯಾಪ್‌ಶಾಟ್ ತೆಗೆದಿಟ್ಟಿರದಿದ್ದರೆ ತಿಂಗಳುಗಟ್ಟಲೆ ಕೂಡಿಸಿದ ದಾಖಲೆಗಳನ್ನು ಮತ್ತೆ ಮೊದಲಿಂದ ತುಂಬಬೇಕಾದೀತು. ನಿಧಾನವಾಗಿ ಏರಿಸುವ ಸಮಯ ಇದ್ದಾಗ ಕ್ರಮ ನೆನಪಿರಲಿ: ಮೊದಲು ಸರ್ವರ್, ಆಮೇಲೆ ಕ್ಲೈಂಟ್. 8ನೇ ಕ್ಲೈಂಟ್‌ನ ಮಾತು 9ನೇ ಸರ್ವರ್‌ಗೆ ಅರ್ಥವಾಗುತ್ತೆ, ಉಲ್ಟಾ ಆಗಲ್ಲ.

ಅಪ್‌ಲೋಡ್ ಮತ್ತೆ ಶುರುವಾದ ಮೇಲೂ ಒಂದು ಲೆಕ್ಕ ಬಾಕಿ. ದಾಖಲೆಗಳನ್ನು ಒಟ್ಟಿಗೆ ಕಳಿಸುವ ‘ಬಲ್ಕ್’ ವಿನಂತಿಗೆ, ಕೆಲವು ದಾಖಲೆ ತಿರಸ್ಕೃತವಾಗಿದ್ದರೂ ಸರ್ವರ್ 200 ಅಂತಲೇ ಉತ್ತರಿಸಬಹುದು. ಉತ್ತರದೊಳಗಿನ ‘ಎರರ್ಸ್’ ಅನ್ನೋದು ‘ಟ್ರೂ’ ಆಗಿದೆಯಾ ನೋಡಬೇಕು. ಕಳಿಸಿದ್ದೆಷ್ಟು, ಇಂಡೆಕ್ಸ್‌ನಲ್ಲಿ ಇರೋದೆಷ್ಟು ಅಂತ ಎಣಿಸಿ ತಾಳೆ ನೋಡಿ, ಆಮೇಲೆ ಡೆಮೋಗೆ ಹೊರಡೋಣ.